ದಾರಕ್ಕೆ ಸಿಕ್ಕಿದ್ದು, ಸಿಗದಿದ್ದು

(ಹಾಸನದ ಒಂದು ಬ್ಯೂಟಿ ಪಾರ್ಲರ್. ಮಧ್ಯಾಹ್ನ, ಗಿರಾಕಿಗಳು ಕಡಿಮೆ ಇರುವ ಹೊತ್ತು. ಮಾತಾಡುತ್ತಿರುವವರು ಪಾರ್ಲರ್ ನಡೆಸುವಾಕೆ ಮತ್ತು ಹುಬ್ಬು ಮಾಡಿಸಿಕೊಳ್ಳಲು ಬಂದ ಚರ್ಮರೋಗದ ಡಾಕ್ಟರ್.)

ಪಾರ್ಲರಿನಾಕೆ: ಕಣ್ಣು ಮುಚ್ಚಿ ಮೇಡಂ, ರೆಪ್ಪೆ ಸ್ವಲ್ಪ ಬಿಗಿಯಾಗಿ ಹಿಡ್ಕೊಳಿ. ನಿಮ್ಮನ್ನ ಒಂದು ಕೇಳ್ಬೇಕು ಅಂತಿದ್ದೆ. ಮೊನ್ನೆ ಒಬ್ರು ತಾಯಿ ಮಗಳನ್ನ ಕರ್ಕೊಂಡು ಬಂದು ಜಗಳಕ್ಕೇ ನಿಂತ್ರು. ‘ನಿಮ್ಮ ಹತ್ರ ಥ್ರೆಡ್ಡಿಂಗ್ ಮಾಡಿಸಿದ ಮೇಲೇ ನನ್ ಮಗಳಿಗೆ ಗಡ್ಡ ಬಂದಿದ್ದು’ ಅಂತ. ಹುಡುಗಿ ಪಿಯುಸಿ ಓದ್ತಿದ್ದಾಳೆ. ಮೊದಲೆಲ್ಲ ಬರೀ ಅಪ್ಪರ್ ಲಿಪ್ ಮಾಡಿಸ್ತಿದ್ಲು, ಈಗ ಗದ್ದದ ಕೆಳಗೆಲ್ಲ ಬಿರುಸು ಕೂದಲು. ದಾರದಿಂದ ಹಂಗಾಗುತ್ತಾ?

ಡಾಕ್ಟರ್: ದಾರದಿಂದ ಅಲ್ಲ. ಬ್ಲೇಡಿನಿಂದಲೂ ಅಲ್ಲ. ಬೋಳಿಸಿದ್ರೆ ಕೂದಲು ದಪ್ಪ ಆಗುತ್ತೆ ಅನ್ನೋದನ್ನ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಮಿಲ್ಡ್ರೆಡ್ ಟ್ರಾಟರ್ ಅನ್ನೋ ಅಂಗರಚನಾ ಶಾಸ್ತ್ರದ ವಿದ್ವಾಂಸೆ 1928ರಲ್ಲೇ ಅಳೆದು ನೋಡಿ, ಹಾಗೇನೂ ಇಲ್ಲ ಅಂದ್ರು. ಕೂದಲಿನ ತುದಿ ಹುಟ್ಟಿನಿಂದ ಚೂಪಾಗಿರುತ್ತೆ. ಕತ್ತರಿಸಿದ್ರೆ ಮೊಂಡಾಗುತ್ತೆ, ಕೈಗೆ ಚುಚ್ಚುತ್ತೆ, ಅದಕ್ಕೇ ದಪ್ಪ ಅನ್ಸುತ್ತೆ. ಕೂದಲನ್ನ ಬೆಳೆಸೋ ಬುಡ ಚರ್ಮದ ಒಳಗಿದೆ. ನೀವು ಮೇಲೆ ಏನು ಮಾಡಿದ್ರಿ ಅನ್ನೋದು ಅದಕ್ಕೆ ಗೊತ್ತೇ ಆಗಲ್ಲ. ಆ ಹುಡುಗಿಗೆ ಬರ್ಬೇಕಾಗಿದ್ದ ಕೂದಲು ಬರ್ತಾ ಇತ್ತು, ಅಷ್ಟರಲ್ಲಿ ನಿಮ್ಮ ಹತ್ರ ಬಂದ್ಲು. ಒಂದಾದ ಮೇಲೊಂದು ಆಗಿದ್ದಕ್ಕೆ ತಾಯಿ ಗಂಟು ಹಾಕಿದ್ರು.

ಪಾರ್ಲರಿನಾಕೆ: ಸದ್ಯ. ಬೋರ್ಡ್ ಬರೆಸಿ ಹಾಕ್ಲಾ ಅಂತ ಯೋಚ್ನೆ ಮಾಡ್ತಿದ್ದೆ. ಆದ್ರೆ ಬರ್ಬೇಕಾಗಿದ್ದ ಕೂದಲು ಅಂದ್ರಲ್ಲ, ಯಾಕೆ ಬರ್ಬೇಕು? ಎಲ್ಲರಿಗೂ ಬರಲ್ವಲ್ಲ.

ಡಾಕ್ಟರ್: ನಿಮ್ಮ ಕೈಗೆ ಎರಡು ಥರದ ಕೂದಲು ಸಿಗುತ್ತೆ ಅಲ್ವಾ?

ಪಾರ್ಲರಿನಾಕೆ: ಹೂಂ. ಒಂದು ರೇಷ್ಮೆ ಥರ, ಬೆಳಕಿಗೆ ಹಿಡಿದ್ರೆ ಮಾತ್ರ ಕಾಣೋದು. ದಾರ ತಾಗಿದ್ರೆ ಸಾಕು, ಬಂದ್ಬಿಡುತ್ತೆ. ಇನ್ನೊಂದು ಕರಿ ಕೂದಲು. ದಾರ ಎಳೆದಾಗ ‘ಟಕ್’ ಅಂತ ಶಬ್ದಾನೇ ಬರುತ್ತೆ. ಒಂದೊಂದು ಸಲ ದಾರವೇ ಕಿತ್ತೋಗುತ್ತೆ, ಕೂದಲು ಅಲ್ಲಾಡಲ್ಲ.

ಡಾಕ್ಟರ್: ಇಡೀ ವಿಷಯ ಆ ಶಬ್ದದಲ್ಲಿದೆ ಕಣ್ರೀ. ರೇಷ್ಮೆಯಂಥ ಕೂದಲು ಎಲ್ಲ ಹೆಂಗಸರ ಮೈಮೇಲೂ ಇರುತ್ತೆ. ಅದು ಕಪ್ಪಗೆ, ದಪ್ಪಗೆ, ಗಂಡಸರಿಗೆ ಬರೋ ಜಾಗಗಳಲ್ಲಿ ಬಂದ್ರೆ ಮಾತ್ರ ನಾವು ಲೆಕ್ಕಕ್ಕೆ ತಗೊಳ್ಳೋದು. ಮೇಲ್ದುಟಿ, ಗದ್ದ, ಎದೆ, ಹೊಟ್ಟೆಯ ಮೇಲ್ಭಾಗ, ಕೆಳಭಾಗ, ಬೆನ್ನಿನ ಮೇಲೆ, ಸೊಂಟದ ಹಿಂದೆ, ತೋಳು, ತೊಡೆ. ಒಂಬತ್ತು ಜಾಗ, ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಫೆರಿಮನ್, ಗಾಲ್ವೆ ಅನ್ನೋ ಇಬ್ಬರು 1961ರಲ್ಲಿ ಮಾಡಿದ ಲೆಕ್ಕ, ಆಗ ಹನ್ನೊಂದು ಜಾಗ ಇತ್ತು. ಸಾಮಾನ್ಯವಾಗಿ ಎಂಟು ಅಂಕ ದಾಟಿದ್ರೆ ಹಿರ್ಸುಟಿಸಂ ಅಂತೀವಿ. ನನಗೇನೋ ಆ ಅಂಕದ ಮೇಲೆ ಅಂಥ ಭಕ್ತಿ ಇಲ್ಲ. ಚೀನಾ ಜಪಾನ್ ಕಡೆಯವರಿಗೆ ಮೈಕೂದಲೇ ಕಡಿಮೆ, ನಮ್ಮ ಕಡೆ ಜಾಸ್ತಿ. ಒಂದೇ ಅಳತೆ ಹೇಗೆ ಸರಿಹೋಗುತ್ತೆ? ಮೇಲಾಗಿ ನಮ್ಮ ಹೆಣ್ಣುಮಕ್ಕಳು ಹಿಂದಿನ ದಿನ ನಿಮ್ಮ ಹತ್ರ ಎಲ್ಲ ತೆಗೆಸಿಕೊಂಡು ಮಾರನೇ ದಿನ ನನ್ನ ಹತ್ರ ಬರ್ತಾರೆ. ನಾನು ಯಾವುದಕ್ಕೆ ಅಂಕ ಕೊಡ್ಲಿ?

ಪಾರ್ಲರಿನಾಕೆ: ಕೈಕಾಲು ಮೇಲೆ ತುಂಬ ಕೂದಲು ಇರೋರು?

ಡಾಕ್ಟರ್: ಮೊಳಕೈ ಕೆಳಗೆ, ಮೀನಖಂಡದ ಮೇಲೆ ಇರೋ ಕೂದಲು ಬಹುಮಟ್ಟಿಗೆ ಮನೆತನದ್ದು. ಅಜ್ಜಿಗಿತ್ತು, ಅಮ್ಮನಿಗಿತ್ತು, ಮಗಳಿಗೆ ಬಂತು. ಹಾರ್ಮೋನಿಗೂ ಅದಕ್ಕೂ ಅಂಥ ನಂಟಿಲ್ಲ. ಇನ್ನು ಮೈಯೆಲ್ಲ, ಹಣೆಯೆಲ್ಲ ಕೂದಲು ಮುಚ್ಚೋ ಸ್ಥಿತಿ ಬೇರೆ, ಹುಟ್ಟಿನಿಂದ ಬರೋದು, ಲಕ್ಷಕ್ಕೊಬ್ಬರಿಗೂ ಇರಲ್ಲ. ಮೆಕ್ಸಿಕೋದ ಜೂಲಿಯಾ ಪಾಸ್ಟ್ರಾನಾ ಅನ್ನೋ ಹೆಣ್ಣುಮಗಳು ಹಾಗಿದ್ಲು. ಹಾಡ್ತಿದ್ಲು, ಕುಣೀತಿದ್ಲು, ಗಂಡನೇ ಅವಳನ್ನ ಊರೂರಲ್ಲಿ ಪ್ರದರ್ಶನಕ್ಕಿಟ್ಟು ದುಡ್ಡು ಮಾಡಿದ. 1860ರಲ್ಲಿ ಮಾಸ್ಕೋದಲ್ಲಿ ಹೆರಿಗೆಯಾಗಿ ಸತ್ತ ಮೇಲೂ ಹೆಣವನ್ನ ಕೆಡದ ಹಾಗೆ ಮಾಡಿಸಿ ತೋರಿಸ್ಕೊಂಡು ತಿರುಗಿದ. ಅವಳಿಗೆ ತನ್ನ ನಾಡಿನ ಮಣ್ಣು ಸಿಕ್ಕಿದ್ದು 2013ರಲ್ಲಿ.

ಪಾರ್ಲರಿನಾಕೆ: ಅಯ್ಯೋ ಶಿವನೇ. ನೂರೈವತ್ತು ವರ್ಷ! ಇನ್ನೊಂದು ಹುಬ್ಬು ಮಾಡ್ತೀನಿ, ಈ ಕಡೆ ತಿರುಗಿ. ಗದ್ದದ್ದು ಯಾಕೆ ಬರುತ್ತೆ ಅಂತ ಹೇಳ್ಲೇ ಇಲ್ಲ ನೀವು.

ಡಾಕ್ಟರ್: ಗಂಡಸರ ಹಾರ್ಮೋನು ಅಂತೀವಲ್ಲ, ಆಂಡ್ರೊಜೆನ್, ಅದು ಹೆಂಗಸರ ಮೈಯಲ್ಲೂ ಇರುತ್ತೆ. ಇರಲೇಬೇಕು. ಅಂಡಾಶಯವೂ ಮಾಡುತ್ತೆ, ಕಿಡ್ನಿಗಳ ಮೇಲೆ ಟೋಪಿ ಥರ ಕೂತಿರೋ ಅಡ್ರಿನಲ್ ಗ್ರಂಥಿಗಳೂ ಮಾಡುತ್ವೆ. ಅದರಲ್ಲಿ ಮುಖ್ಯವಾದ್ದು ಟೆಸ್ಟೊಸ್ಟೆರಾನ್. ರಕ್ತದಲ್ಲಿ ಇದರ ಬಹುಪಾಲು ಲಿವರ್ ತಯಾರಿಸೋ ಒಂದು ಪ್ರೋಟೀನಿಗೆ ಅಂಟಿಕೊಂಡೇ ಓಡಾಡುತ್ತೆ, ಹಾಗಾಗಿ ತೊಂದರೆ ಕೊಡಲ್ಲ. ಅಂಟದೆ ಬಿಡಿಯಾಗಿ ಉಳಿದಿದ್ದು ಕೂದಲಿನ ಬುಡಕ್ಕೆ ಹೋಗಿ, ಅಲ್ಲಿ ಇನ್ನೂ ಜೋರಾದ ರೂಪಕ್ಕೆ ತಿರುಗುತ್ತೆ. ಅದು ತಾಗಿದ ಬುಡ ರೇಷ್ಮೆ ಕೂದಲು ಬೆಳೆಸೋದು ಬಿಟ್ಟು ಕರಿ ಕೂದಲು ಬೆಳೆಸೋಕೆ ಶುರು ಮಾಡುತ್ತೆ. ಒಮ್ಮೆ ಹಾಗೆ ತಿರುಗಿದ ಬುಡ ತಾನಾಗಿ ಹಿಂದಿನ ಹಾಗೆ ಆಗೋದು ಕಷ್ಟ. ಇದನ್ನ ನೆನಪಿಟ್ಕೊಳಿ, ಆಮೇಲೆ ಬೇಕಾಗುತ್ತೆ.

ಪಾರ್ಲರಿನಾಕೆ: ಹಂಗಾದ್ರೆ ಗದ್ದದ ಕೂದಲು ಇರೋರಿಗೆಲ್ಲ ಆ ಹಾರ್ಮೋನು ಜಾಸ್ತಿ?

ಡಾಕ್ಟರ್: ಎಲ್ಲರಿಗೂ ಅಲ್ಲ. ಕೆಲವರಿಗೆ ರಕ್ತ ಪರೀಕ್ಷೆ ಸರಿಯಾಗೇ ಇರುತ್ತೆ, ತಿಂಗಳು ತಿಂಗಳು ಮುಟ್ಟೂ ಸರಿಯಾಗಿರುತ್ತೆ. ಬುಡಗಳೇ ಇದ್ದಷ್ಟು ಹಾರ್ಮೋನಿಗೆ ಜಾಸ್ತಿ ಕುಣೀತವೆ. ಆದ್ರೆ ಹೆಚ್ಚಿನವರಲ್ಲಿ, ಅಂದ್ರೆ ನೂರಕ್ಕೆ ಎಪ್ಪತ್ತು ಎಂಬತ್ತು ಜನರಲ್ಲಿ, ಕಾರಣ ನಿಮಗೆ ಗೊತ್ತಿರೋದೇ.

ಪಾರ್ಲರಿನಾಕೆ: ಪಿಸಿಓಡಿ. ಈಗ ಎಲ್ಲರ ಬಾಯಲ್ಲೂ ಅದೇ. ಅಂಡಾಶಯದಲ್ಲಿ ಗುಳ್ಳೆ ಅಂತಾರೆ. ಸ್ಕ್ಯಾನಿಂಗ್ ರಿಪೋರ್ಟು ನಂಗೂ ತೋರಿಸ್ತಾರೆ, ನನಗೇನು ಅರ್ಥ ಆಗುತ್ತೆ!

ಡಾಕ್ಟರ್: ಆ ಗುಳ್ಳೆ ಅನ್ನೋದೇ ಜನರನ್ನ ಹೆದರಿಸಿಟ್ಟಿದೆ. ಅದು ಗಡ್ಡೆಯಲ್ಲ, ಆಪರೇಷನ್ ಮಾಡಿ ತೆಗೆಯೋ ವಸ್ತುವೂ ಅಲ್ಲ. ಪ್ರತಿ ತಿಂಗಳು ಒಂದು ಮೊಟ್ಟೆ ಬಲಿತು ಹೊರಗೆ ಬರ್ಬೇಕು. ಬಲಿಯದೆ ಅರ್ಧಕ್ಕೇ ನಿಂತ ಮೊಟ್ಟೆಚೀಲಗಳು ಸಾಲಾಗಿ ಕೂತಿರ್ತವೆ, ಸ್ಕ್ಯಾನಿನಲ್ಲಿ ಕಾಣೋದು ಅದೇ. 1935ರಲ್ಲಿ ಶಿಕಾಗೋದ ಸ್ಟೈನ್ ಮತ್ತು ಲೆವೆಂತಾಲ್ ಏಳು ಹೆಂಗಸರ ವಿವರ ಬರೆದ್ರು: ಮುಟ್ಟು ನಿಂತಿದೆ, ಕೂದಲು ಬೆಳೆದಿದೆ, ಅಂಡಾಶಯ ಊದಿದೆ ಅಂತ. ಆಗಿನಿಂದ ಹೆಸರು ಅಂಡಾಶಯಕ್ಕೇ ಅಂಟಿಕೊಂಡಿತು. ನಿಜಕ್ಕೂ ಇದು ಇಡೀ ಮೈಯ ತೊಂದರೆ. ಈಗ ನಾವು ನೋಡೋದು ಮೂರು: ಮುಟ್ಟು ಏರುಪೇರಾಗಿದೆಯಾ, ಆಂಡ್ರೊಜೆನ್ ಜಾಸ್ತಿಯಾದ ಗುರುತಿದೆಯಾ, ಸ್ಕ್ಯಾನಿನಲ್ಲಿ ಅಂಥ ಅಂಡಾಶಯ ಇದೆಯಾ. ಮೂರರಲ್ಲಿ ಎರಡಿದ್ದು, ಬೇರೆ ಕಾಯಿಲೆ ಇಲ್ಲ ಅಂತಾದ್ರೆ ಪಿಸಿಓಎಸ್, ನೀವು ಪಿಸಿಓಡಿ ಅಂದ್ರಲ್ಲ, ಅದೇ. ಅಂದ್ರೆ ಸ್ಕ್ಯಾನಿನಲ್ಲಿ ಗುಳ್ಳೆ ಕಂಡಿದ್ದೊಂದೇ ಸಾಲದು. ಹದಿನಾರರ ಹುಡುಗಿಯರಿಗೆ ಗುಳ್ಳೆ ಕಾಣೋದು ಸಹಜ, ಅವರಿಗೆ ಆ ಸ್ಕ್ಯಾನಿನ ಲೆಕ್ಕವನ್ನೇ ಹಿಡಿಯಲ್ಲ.

ಪಾರ್ಲರಿನಾಕೆ: ಅದಕ್ಕೂ ದಪ್ಪ ಆಗೋದಕ್ಕೂ ಸಂಬಂಧ ಇದೆ ಅಂತಾರಲ್ಲ?

ಡಾಕ್ಟರ್: ಇದೆ. ಮೊದಲು ಒಂದು ಹೇಳಿ. ನಿಮ್ಮಲ್ಲಿಗೆ ಕತ್ತು ಕಪ್ಪಾಗಿದೆ, ಬ್ಲೀಚ್ ಮಾಡಿ ಅಂತ ಬರ್ತಾರಾ?

ಪಾರ್ಲರಿನಾಕೆ: ವಾರಕ್ಕೆ ನಾಲ್ಕೈದು ಜನ! ಕತ್ತಿನ ಹಿಂದೆ, ಕಂಕುಳಲ್ಲಿ. ಕೊಳೆ ಅಂದ್ಕೊಂಡು ನಾರು ತಗೊಂಡು ಉಜ್ಜಿ ಉಜ್ಜಿ ಗಾಯ ಮಾಡ್ಕೊಂಡು ಬರ್ತಾರೆ. ಮುಟ್ಟಿದ್ರೆ ಮಖಮಲ್ ಬಟ್ಟೆ ಥರ ಮೆತ್ತಗೆ, ಮಡಿಕೆ ಮಡಿಕೆ. ಎಷ್ಟು ಬ್ಲೀಚ್ ಹಾಕಿದ್ರೂ ಹೋಗಲ್ಲ ಮೇಡಂ.

ಡಾಕ್ಟರ್: ಹೋಗಲ್ಲ, ಯಾಕಂದ್ರೆ ಅದು ಕೊಳೆಯಲ್ಲ, ಬಿಸಿಲಿನ ಕಪ್ಪೂ ಅಲ್ಲ. ಮೈ ಇನ್ಸುಲಿನ್ ಮಾತು ಕೇಳ್ತಾ ಇಲ್ಲ ಅನ್ನೋದಕ್ಕೆ ಚರ್ಮದ ಮೇಲಿನ ಗುರುತು. ಮಾತು ಕೇಳದಿದ್ದಾಗ ಮೇದೋಜೀರಕ ಇನ್ನಷ್ಟು ಇನ್ಸುಲಿನ್ ಸುರಿಯುತ್ತೆ. ಆ ಹೆಚ್ಚಿನ ಇನ್ಸುಲಿನ್ ಎರಡು ಕೆಲಸ ಕೆಡಿಸುತ್ತೆ. ಅಂಡಾಶಯಕ್ಕೆ ಹೋಗಿ ಟೆಸ್ಟೊಸ್ಟೆರಾನ್ ಜಾಸ್ತಿ ಮಾಡು ಅನ್ನುತ್ತೆ. ಲಿವರಿಗೆ ಹೋಗಿ, ನಾನು ಆಗಲೇ ಹೇಳಿದ ಆ ಪ್ರೋಟೀನನ್ನ ಕಡಿಮೆ ಮಾಡು ಅನ್ನುತ್ತೆ. ಹಾರ್ಮೋನೂ ಹೆಚ್ಚು, ಅಂಟಿಸಿ ಹಿಡಿಯೋದೂ ಕಡಿಮೆ. ಬಿಡಿ ಟೆಸ್ಟೊಸ್ಟೆರಾನ್ ಏರುತ್ತೆ, ಗದ್ದದ ಬುಡಕ್ಕೆ ತಲುಪುತ್ತೆ. ಮೈತೂಕ ಏರಿದಷ್ಟೂ ಇದು ಬಿಗಡಾಯಿಸುತ್ತೆ. ಹಾಗಂತ ತೆಳ್ಳಗಿರೋರಿಗೆ ಇಲ್ಲ ಅಂತಲ್ಲ, ಕಡ್ಡಿಯಂಥ ಹುಡುಗಿಯರೂ ನನ್ನ ಹತ್ರ ಬರ್ತಾರೆ.

ಪಾರ್ಲರಿನಾಕೆ: ಅಂದ್ರೆ ಒಬ್ಬಳೇ ಹುಡುಗಿ ನನ್ನ ಹತ್ರ ಗದ್ದಕ್ಕೆ ಥ್ರೆಡ್ಡಿಂಗ್, ಕತ್ತಿಗೆ ಬ್ಲೀಚ್, ಮೊಡವೆಗೆ ಫೇಶಿಯಲ್, ತಲೆಕೂದಲು ಉದುರೋದಕ್ಕೆ ಸ್ಪಾ ಅಂತ ನಾಲ್ಕು ಬಿಲ್ ಮಾಡಿಸ್ತಾಳಲ್ಲ, ನಾಲ್ಕೂ ಒಂದೇ?

ಡಾಕ್ಟರ್: ಅನೇಕ ಸಲ ಒಂದೇ. ಅದಕ್ಕೇ ಹೇಳ್ತೀನಿ, ನಮ್ಮೂರಲ್ಲಿ ಈ ಕಾಯಿಲೆ ಮೊದಲು ನೋಡೋದು ಡಾಕ್ಟ್ರಲ್ಲ, ನೀವು. ನನ್ನ ಹತ್ರ ಬರೋಹೊತ್ತಿಗೆ ಎಷ್ಟೋ ವರ್ಷ ಆಗಿರುತ್ತೆ. ಆ ವರ್ಷಗಳೆಲ್ಲ ನಿಮ್ಮ ಕುರ್ಚಿಯಲ್ಲೇ ಕಳೆದಿರುತ್ತೆ. ಕೂದಲು ಕಾಣುತ್ತೆ ಅಂತ ಅದರ ಬಗ್ಗೆ ಮಾತ್ರ ಕೊರಗ್ತಾರೆ. ಒಳಗೆ ಸಕ್ಕರೆ ಕಾಯಿಲೆ ಬರೋ ಸಾಧ್ಯತೆ ಏರ್ತಿರುತ್ತೆ. ಮೂರು ನಾಲ್ಕು ತಿಂಗಳು ಮುಟ್ಟಾಗದೆ ಇದ್ರೆ ಗರ್ಭಕೋಶದ ಒಳಪದರ ದಪ್ಪ ಆಗ್ತಾ ಹೋಗುತ್ತೆ, ಬಹಳ ವರ್ಷ ಹಾಗೇ ಬಿಟ್ರೆ ಕ್ಯಾನ್ಸರಿಗೂ ದಾರಿ. ಆ ಹುಡುಗಿಯರೇನೋ ‘ಮುಟ್ಟಿನ ರಗಳೆ ಇಲ್ಲ, ಆರಾಮು’ ಅಂತಿರ್ತಾರೆ.

ಪಾರ್ಲರಿನಾಕೆ: ಪಿಸಿಓಡಿ ಅಲ್ಲದೆ ಬೇರೆ ಕಾರಣನೂ ಇರುತ್ತಾ?

ಡಾಕ್ಟರ್: ಇರುತ್ತೆ, ಅಪರೂಪ. ಆದ್ರೆ ಒಂದು ಗುರುತನ್ನ ನೀವು ಮರೀಲೇಬಾರದು. ಕೂದಲು ಹದಿಹರೆಯದಲ್ಲಿ ಶುರುವಾಗಿ ವರ್ಷಗಟ್ಟಲೆ ನಿಧಾನಕ್ಕೆ ಬೆಳೆದ್ರೆ ಗಾಬರಿ ಬೇಡ. ಮೂವತ್ತೈದೋ ನಲವತ್ತೋ ಆದವರಿಗೆ, ಅಲ್ಲಿವರೆಗೂ ಏನೂ ಇಲ್ಲದವರಿಗೆ, ಕೆಲವೇ ತಿಂಗಳಲ್ಲಿ ಗಡ್ಡ ಮೀಸೆ ಬಂತು, ಜೊತೆಗೆ ಧ್ವನಿ ಗಡಸಾಯ್ತು, ಹಣೆಯ ಎರಡೂ ಕಡೆ ಬೋಳಾಗ್ತಿದೆ, ತೋಳು ಗಂಡಸರ ಹಾಗೆ ಗಟ್ಟಿಯಾಗ್ತಿದೆ ಅಂದ್ರೆ ದಾರ ಕೆಳಗಿಟ್ಟು ಆವತ್ತೇ ಕಳಿಸಿ. ಅಂಡಾಶಯದಲ್ಲೋ ಅಡ್ರಿನಲ್‌ನಲ್ಲೋ ಹಾರ್ಮೋನು ಸುರಿಸೋ ಗಡ್ಡೆ ಇರಬಹುದು. ಅಂಥವರ ಟೆಸ್ಟೊಸ್ಟೆರಾನ್ ಅಳೆದ್ರೆ ಹೆಂಗಸರ ಮಟ್ಟಕ್ಕಿಂತ ಎಷ್ಟೋ ಪಟ್ಟು ಮೇಲಿರುತ್ತೆ.

ಇನ್ನೊಂದು, ಹುಟ್ಟಿನಿಂದ ಬರೋ ಅಡ್ರಿನಲ್ ದೋಷ. ಅಪ್ಪ ಅಮ್ಮ ಇಬ್ಬರಿಂದಲೂ ಆ ವಂಶವಾಹಿ ಬಂದಾಗ ಮಾತ್ರ ತೋರೋದು. ಅದರ ಸೌಮ್ಯ ರೂಪ ನೋಡೋಕೆ ಥೇಟ್ ಪಿಸಿಓಎಸ್ ಹಾಗೇ ಇರುತ್ತೆ. ನಮ್ಮ ಕಡೆ ಸೋದರಮಾವನಿಗೆ ಕೊಡೋದು, ಅತ್ತೆ ಮಗನಿಗೆ ಕೊಡೋದು ಇದೆಯಲ್ಲ, ಅಂಥ ಮನೆಯ ಹುಡುಗಿ ಬಂದ್ರೆ ನಾನು ತಪ್ಪದೆ ಆ ದೋಷದ ಪರೀಕ್ಷೆ ಬರೀತೀನಿ. ಬೆಳಗ್ಗೆ ಬೇಗ, ಮುಟ್ಟಾದ ಮೊದಲ ಕೆಲವು ದಿನಗಳಲ್ಲಿ ರಕ್ತ ಕೊಡ್ಬೇಕು. ಥೈರಾಯ್ಡ್, ಪ್ರೊಲ್ಯಾಕ್ಟಿನ್ ಕೂಡ ನೋಡ್ತೀವಿ. ಮುಖ ಚಂದ್ರನ ಹಾಗೆ ದುಂಡಗಾಗಿ, ಹೊಟ್ಟೆ ಮೇಲೆ ಅಗಲವಾದ ನೇರಳೆ ಗೆರೆ ಬಂದಿದ್ರೆ ಕಾರ್ಟಿಸಾಲ್ ನೋಡ್ತೀವಿ.

ಪಾರ್ಲರಿನಾಕೆ: ಔಷಧಿಯಿಂದ ಬರುತ್ತಾ?

ಡಾಕ್ಟರ್: ಬರುತ್ತೆ. ಫಿಟ್ಸಿಗೆ ಕೊಡೋ ಕೆಲವು ಮಾತ್ರೆಗಳಿಂದ ಬರುತ್ತೆ. ಜಿಮ್‌ನಲ್ಲಿ ಕೊಡೋ ಚುಚ್ಚುಮದ್ದಿನಿಂದಂತೂ ಸರಿಯೇ ಸರಿ. ಆದ್ರೆ ನನ್ನ ಕ್ಲಿನಿಕ್ಕಿಗೆ ಜಾಸ್ತಿ ಬರೋದು ಬೆಳ್ಳಗಾಗೋ ಟ್ಯೂಬಿನ ಗಿರಾಕಿಗಳು. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುತ್ತೆ, ಅದರಲ್ಲಿ ಸ್ಟೀರಾಯ್ಡ್ ಇರುತ್ತೆ. ಮೊದಲ ತಿಂಗಳು ಮುಖ ಹೊಳೆಯುತ್ತೆ. ಆಮೇಲೆ ಚರ್ಮ ತೆಳುವಾಗಿ ಕೆಂಪಗೆ ನರ ಕಾಣುತ್ತೆ, ಮೊಡವೆ ಏಳುತ್ತೆ, ಕೆನ್ನೆಯಲ್ಲಿ ಕೂದಲು ಬರುತ್ತೆ. ಬಿಟ್ರೆ ಉರಿ, ಹಚ್ಚಿದ್ರೆ ಕೂದಲು.

ಪಾರ್ಲರಿನಾಕೆ: ನಮ್ಮ ಕಸುಬಿನವರೇ ಕೆಲವರು ಅದನ್ನ ಫೇಶಿಯಲ್ ಕ್ರೀಮಿಗೆ ಬೆರೆಸ್ತಾರೆ ಮೇಡಂ, ಮದುಮಗಳಿಗೆ ಗ್ಲೋ ಬರ್ಲಿ ಅಂತ. ಹೇಳಿದ್ರೆ ನನ್ನ ಮೇಲೇ ಸಿಟ್ಟಾಗ್ತಾರೆ. ಹುಬ್ಬು ಆಯ್ತು, ಕನ್ನಡಿ ನೋಡಿ. ಅಂದ ಹಾಗೆ, ತಪ್ಪು ತಿಳೀಬೇಡಿ, ನಿಮ್ಮ ಗದ್ದದಲ್ಲೂ ಎರಡಿದೆ. ಒಂದು ಬಿಳಿ, ಒಂದು ಕಪ್ಪು.

ಡಾಕ್ಟರ್: ಗೊತ್ತು ಕಣ್ರೀ. ಕಾರಿನ ಕನ್ನಡೀಲಿ ದಿನಾ ದರ್ಶನ ಕೊಡ್ತವೆ. ಮುಟ್ಟು ನಿಂತು ಎರಡು ವರ್ಷ ಆಯ್ತು. ಮುಟ್ಟು ನಿಂತ ಮೇಲೆ ಹೆಂಗಸರ ಹಾರ್ಮೋನು ಈಸ್ಟ್ರೊಜೆನ್ ದಿಢೀರನೆ ಇಳಿಯುತ್ತೆ, ಆಂಡ್ರೊಜೆನ್ ಅಷ್ಟು ಬೇಗ ಇಳಿಯಲ್ಲ. ಆ ಅಂತರದಲ್ಲಿ ಗದ್ದಕ್ಕೆ ಒಂದೆರಡು ಬರೋದು ಮಾಮೂಲು. ಕಿತ್ತುಹಾಕಿ.

ಪಾರ್ಲರಿನಾಕೆ: ಇದಕ್ಕೆಲ್ಲ ಮಾತ್ರೆ ಇದೆಯಂತಲ್ಲ? ಆ ಪಿಯುಸಿ ಹುಡುಗಿಗೆ ಯಾರೋ ಬರ್ಕೊಟ್ಟಿದ್ರಂತೆ. ತಾಯಿ ಮೆಡಿಕಲ್ ಶಾಪಿನವನನ್ನ ಕೇಳಿದ್ರೆ ‘ಇದು ಮಕ್ಕಳಾಗದ ಹಾಗೆ ತಗೊಳ್ಳೋದು’ ಅಂದ್ನಂತೆ. ಮನೆಗೆ ಹೋಗಿ ಮಾತ್ರೆ ಎಸೆದು, ಮಗಳಿಗೆ ಎರಡು ಬಾರಿಸಿದ್ರಂತೆ.

ಡಾಕ್ಟರ್: ನೋಡಿ, ಇದನ್ನೇ ಬರೆದುಕೊಡುವಾಗ ಬಿಡಿಸಿ ಹೇಳ್ಬೇಕು, ನಮ್ಮವರು ಹೇಳಲ್ಲ. ಹೊರಗೆ ಮೂವತ್ತು ಜನ ಕಾಯ್ತಿರ್ತಾರೆ, ಚೀಟಿ ಹರಿದು ಕೊಟ್ಟು ಮುಂದಿನವರನ್ನ ಕರೀತಾರೆ. ಹೌದು, ಅದು ಗರ್ಭನಿರೋಧಕ ಮಾತ್ರೆಯೇ. ಆದ್ರೆ ಇಲ್ಲಿ ಅದರ ಕೆಲಸ ಬೇರೆ. ಅಂಡಾಶಯಕ್ಕೆ ರಜೆ ಕೊಟ್ಟು ಟೆಸ್ಟೊಸ್ಟೆರಾನ್ ತಯಾರಿ ಇಳಿಸುತ್ತೆ. ಅದರಲ್ಲಿರೋ ಈಸ್ಟ್ರೊಜೆನ್ ಲಿವರಿನ ಆ ಪ್ರೋಟೀನನ್ನ ಏರಿಸುತ್ತೆ. ಜೊತೆಗೆ ತಿಂಗಳು ತಿಂಗಳು ಮುಟ್ಟು ಬಂದು ಗರ್ಭಕೋಶದ ಪದರ ಶುದ್ಧ ಆಗುತ್ತೆ. ಬಿಟ್ಟ ಮೇಲೆ ಮಕ್ಕಳಾಗೋದಕ್ಕೆ ಅದು ಅಡ್ಡಿ ಬರಲ್ಲ. ಮದುವೆ ಆಗದ ಹುಡುಗಿಗೆ ಕೊಡಬಹುದಾ ಅಂದ್ರೆ, ಕೊಡಬಹುದು. ಜಗತ್ತಿನಾದ್ಯಂತ ಮಕ್ಕಳು ಬೇಡ ಅನ್ನೋರಿಗೆ ಈ ತೊಂದರೆಗೆ ಮೊದಲ ಔಷಧಿ ಇದೇ. ಆದ್ರೆ ಯಾರಿಗೆ ಕೊಡಬಾರದು ಅಂತ ನೋಡ್ಬೇಕು: ಕಾಲಿನಲ್ಲಿ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದೋರು, ಬಿಪಿ ಹತೋಟಿಯಲ್ಲಿ ಇಲ್ಲದೋರು, ಕಣ್ಣಮುಂದೆ ಮಿಂಚು ಬಂದು ಅರೆತಲೆನೋವು ಬರೋರು, ಮೂವತ್ತೈದು ದಾಟಿ ಸಿಗರೇಟು ಸೇದೋರು. ಅದಕ್ಕೇ ಅಕ್ಕನ ಚೀಟಿ ತಂಗಿ ತೋರಿಸಿ ತಗೊಳ್ಳೋ ಮಾತ್ರೆ ಅಲ್ಲ ಇದು.

ಪಾರ್ಲರಿನಾಕೆ: ತಗೊಂಡ್ರೆ ಕೂದಲು ಉದುರಿ ಹೋಗುತ್ತಾ?

ಡಾಕ್ಟರ್: ಆಗಲೇ ನೆನಪಿಟ್ಕೊಳಿ ಅಂದ್ನಲ್ಲ. ಕರಿ ಕೂದಲಿಗೆ ತಿರುಗಿದ ಬುಡವನ್ನ ಮಾತ್ರೆ ಕೀಳಲ್ಲ. ಹೊಸ ಬುಡಗಳು ತಿರುಗೋದನ್ನ ತಡೆಯುತ್ತೆ, ಇರೋ ಕೂದಲು ಬರ್ತಾ ಬರ್ತಾ ತೆಳುವಾಗುತ್ತೆ, ಬೆಳೆಯೋ ವೇಗ ಇಳಿಯುತ್ತೆ. ಒಂದೊಂದು ಕೂದಲೂ ತಿಂಗಳುಗಟ್ಟಲೆ ಬೆಳೆದು, ಉದುರಿ, ಮತ್ತೆ ಹುಟ್ಟೋ ಚಕ್ರದಲ್ಲಿರುತ್ತೆ. ಹಾಗಾಗಿ ಆರು ತಿಂಗಳಿಗೆ ಮುಂಚೆ ಏನೂ ಕಾಣಲ್ಲ. ಎರಡನೇ ತಿಂಗಳಿಗೇ ‘ಏನೂ ಪ್ರಯೋಜನ ಇಲ್ಲ’ ಅಂತ ಬಿಟ್ಟು ಇನ್ನೊಬ್ಬ ಡಾಕ್ಟರ ಹತ್ರ ಹೋಗ್ತಾರೆ, ಅಲ್ಲೂ ಎರಡು ತಿಂಗಳು. ಆರು ತಿಂಗಳಾದ ಮೇಲೂ ಸಾಲದು ಅಂದ್ರೆ ಸ್ಪೈರೊನೊಲ್ಯಾಕ್ಟೋನ್ ಸೇರಿಸ್ತೀವಿ. ಅದು ಹಳೇ ಬಿಪಿ ಮಾತ್ರೆ, ಮೂತ್ರ ಜಾಸ್ತಿ ಮಾಡೋದು. ಕೂದಲಿನ ಬುಡದಲ್ಲಿ ಆಂಡ್ರೊಜೆನ್ನಿಗೆ ಬಾಗಿಲು ಹಾಕುತ್ತೆ ಅನ್ನೋದು ಆಮೇಲೆ ಗೊತ್ತಾಯ್ತು. ಅದನ್ನ ತಗೊಳ್ಳುವಾಗ ಬಸಿರಾಗಲೇಬಾರದು, ಹೊಟ್ಟೆಯಲ್ಲಿ ಗಂಡು ಮಗು ಇದ್ರೆ ಅದರ ಜನನಾಂಗ ಸರಿಯಾಗಿ ಬೆಳೆಯಲ್ಲ. ಅದಕ್ಕೇ ಎರಡನ್ನೂ ಒಟ್ಟಿಗೆ ಕೊಡೋದು.

ಪಾರ್ಲರಿನಾಕೆ: ಮೆಟ್‌ಫಾರ್ಮಿನ್ ಅಂತ ಸಕ್ಕರೆ ಮಾತ್ರೆ ಕೊಡ್ತಾರಲ್ಲ, ಅದು?

ಡಾಕ್ಟರ್: ಮುಟ್ಟಿಗೆ, ಸಕ್ಕರೆಗೆ ಉಪಯೋಗ. ಕೂದಲಿಗೆ ಅಷ್ಟಕ್ಕಷ್ಟೇ. ಕೂದಲು ಹೋಗ್ಲಿ ಅಂತ ಮೆಟ್‌ಫಾರ್ಮಿನ್ ನುಂಗಿ ಹೊಟ್ಟೆ ಕೆಡಿಸ್ಕೊಂಡೋರನ್ನ ಬೇಕಾದಷ್ಟು ನೋಡಿದ್ದೀನಿ. ತೂಕ ಇಳಿಸಿದ್ರೂ ಹಾಗೇ. ನೂರಕ್ಕೆ ಐದರಿಂದ ಹತ್ತರಷ್ಟು ಇಳಿದ್ರೆ ಎಷ್ಟೋ ಜನರಿಗೆ ಮುಟ್ಟು ದಾರಿಗೆ ಬರುತ್ತೆ; ಕೂದಲಿಗೆ ಅಷ್ಟೊಂದಿಲ್ಲ.

ಒಂದು ಮುಲಾಮಿದೆ, ಎಫ್ಲಾರ್ನಿಥಿನ್ ಅಂತ. ಅದರ ಕತೆ ಕೇಳಿದ್ರೆ ನಿಮಗೆ ನಗು ಬರುತ್ತೋ ಸಿಟ್ಟು ಬರುತ್ತೋ. ಕ್ಯಾನ್ಸರಿಗೆ ಅಂತ ಹುಡುಕಿದ್ದು, ಅಲ್ಲಿ ನಡೀಲಿಲ್ಲ. ಆಫ್ರಿಕದಲ್ಲಿ ನೊಣ ಕಚ್ಚಿ ಬರೋ ನಿದ್ರಾರೋಗಕ್ಕೆ ಅದ್ಭುತವಾಗಿ ನಾಟಿತು. ಪ್ರಜ್ಞೆ ತಪ್ಪಿ ಮಲಗಿದವರು ಎದ್ದು ಕೂತ್ರು. ಆದ್ರೆ ಆ ರೋಗ ಬಡವರದ್ದು, ಲಾಭ ಇಲ್ಲ ಅಂತ 1990ರ ದಶಕದ ನಡುವೆ ಕಂಪನಿ ತಯಾರಿಕೆ ನಿಲ್ಲಿಸಿತು. ಅಷ್ಟರಲ್ಲಿ ಅದೇ ರಾಸಾಯನಿಕ ಹೆಂಗಸರ ಮುಖದ ಕೂದಲು ಬೆಳೆಯೋ ವೇಗ ಇಳಿಸುತ್ತೆ ಅಂತ ಗೊತ್ತಾಗಿ, 2000ದಲ್ಲಿ ಅಮೆರಿಕದಲ್ಲಿ ಮುಲಾಮಾಗಿ ಅನುಮತಿ ಪಡೀತು. ಮೀಸೆಗೆ ಔಷಧಿ ಇದೆ, ಸಾಯೋರಿಗೆ ಇಲ್ವಾ ಅಂತ ಗಲಾಟೆ ಎದ್ದ ಮೇಲೆ 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಔಷಧಿಯನ್ನ ಪುಕ್ಕಟೆ ಕೊಡೋಕೆ ಕಂಪನಿ ಒಪ್ಪಿತು.

ಪಾರ್ಲರಿನಾಕೆ: ಅಂದ್ರೆ ನಮ್ಮ ಮೀಸೆ ಆಫ್ರಿಕದವರ ಪ್ರಾಣ ಉಳಿಸಿತು ಅನ್ನಿ!

ಡಾಕ್ಟರ್: ಒಂದು ಲೆಕ್ಕದಲ್ಲಿ ಹೌದು. ಮುಲಾಮು ಮಾತ್ರ ಕೂದಲನ್ನ ತೆಗೆಯಲ್ಲ, ನಿಧಾನ ಮಾಡುತ್ತೆ. ಹಚ್ಚೋದು ಬಿಟ್ಟ ಎರಡು ತಿಂಗಳಿಗೆ ಮೊದಲಿನ ಹಾಗೇ. ಹಾಗಾಗಿ ತೆಗೆಯೋ ಕೆಲಸ ಬೇರೆ ಮಾಡ್ಲೇಬೇಕು. ಮಾತ್ರೆಯವರು ಲೇಸರ್ ಬೇಡ ಅಂತಾರೆ, ಲೇಸರಿನವರು ಮಾತ್ರೆ ಬೇಡ ಅಂತಾರೆ. ಎರಡೂ ತಪ್ಪು. ಒಳಗಿನ ಹಾರ್ಮೋನು ಇಳಿಸದೆ ಲೇಸರ್ ಹೊಡೆಸಿದ್ರೆ, ಇವತ್ತು ಸುಟ್ಟ ಬುಡದ ಪಕ್ಕ ನಾಳೆ ಇನ್ನೊಂದು ಕರಿ ಕೂದಲು.

ಪಾರ್ಲರಿನಾಕೆ: ಲೇಸರ್ ಅಂದ್ರೆ ಪರ್ಮನೆಂಟ್ ಅಂತ ಬೋರ್ಡ್ ಹಾಕ್ತಾರಲ್ಲ ಮೇಡಂ.

ಡಾಕ್ಟರ್: ಪೂರ್ತಿ ಹೋಗುತ್ತೆ ಅಂತ ಯಾವ ಲೇಸರ್ ಯಂತ್ರಕ್ಕೂ ಅನುಮತಿ ಇಲ್ಲ, ಬಹುಕಾಲ ಕಡಿಮೆ ಆಗುತ್ತೆ ಅಂತಷ್ಟೇ. ಲೇಸರಿನ ಬೆಳಕು ಹುಡುಕೋದು ಕಪ್ಪು ಬಣ್ಣವನ್ನ. ಕೂದಲಿನ ಕಪ್ಪನ್ನ ಹಿಡಿದು ಕಾಯಿಸಿ ಬುಡ ಸುಡುತ್ತೆ. ನಮ್ಮ ಚರ್ಮದಲ್ಲೂ ಕಪ್ಪು ಇದೆಯಲ್ಲ, ಅದನ್ನೂ ಹಿಡಿಯುತ್ತೆ. ಅದಕ್ಕೇ ಬಿಳಿಯರಿಗೆ ಒಗ್ಗೋ 755 ನ್ಯಾನೋಮೀಟರ್ ಲೇಸರನ್ನ ನಮ್ಮ ಮುಖಕ್ಕೆ ಬಿಟ್ರೆ ಸುಟ್ಟ ಕಲೆ. ಕಪ್ಪು ಚರ್ಮಕ್ಕೆ 1064 ನ್ಯಾನೋಮೀಟರಿನದ್ದು ಹೆಚ್ಚು ಸುರಕ್ಷಿತ, ಅದು ಮೇಲಿನ ಬಣ್ಣ ದಾಟಿ ಆಳಕ್ಕಿಳಿಯುತ್ತೆ. ನಾಲ್ಕರಿಂದ ಆರು ವಾರಕ್ಕೊಮ್ಮೆ ಆರೆಂಟು ಸಲ ಬೇಕಾಗುತ್ತೆ. ಬಿಳಿ ಕೂದಲಿಗೆ ಏನೂ ಆಗಲ್ಲ, ರೇಷ್ಮೆ ಕೂದಲಿಗೂ ಆಗಲ್ಲ. ಬದಲಿಗೆ, ಕೆನ್ನೆ ದವಡೆ ಮೇಲಿನ ರೇಷ್ಮೆ ಕೂದಲಿಗೆ ಅರೆಬರೆ ಶಾಖ ಕೊಟ್ರೆ ಕೆಲವರಿಗೆ ಅದೇ ಕಪ್ಪಾಗಿ ಬೆಳೆಯುತ್ತೆ. ನಮ್ಮಂಥ ಚರ್ಮದವರಲ್ಲಿ, ಹಾರ್ಮೋನಿನ ತೊಂದರೆ ಇರೋರಲ್ಲಿ ಇದು ಜಾಸ್ತಿ. ಬಿಳಿ ಕೂದಲಿಗೆ ಇರೋ ದಾರಿ ವಿದ್ಯುತ್ ಸೂಜಿ, ಒಂದೊಂದೇ ಬುಡಕ್ಕೆ. ಅದನ್ನ 1875ರಲ್ಲಿ ಶುರು ಮಾಡಿದ್ದು ಚಾರ್ಲ್ಸ್ ಮಿಶೆಲ್ ಅನ್ನೋ ಕಣ್ಣಿನ ಡಾಕ್ಟರ್, ಒಳಕ್ಕೆ ತಿರುಗಿ ಕಣ್ಣಿಗೆ ಚುಚ್ಚೋ ರೆಪ್ಪೆಕೂದಲು ತೆಗೆಯೋಕೆ. ಆಮೇಲೆ 1920ರ ದಶಕದಲ್ಲಿ ಅಮೆರಿಕದ ಪಾರ್ಲರುಗಳಲ್ಲಿ ಮುಖದ ಕೂದಲಿಗೆ ಎಕ್ಸ್‌ರೇ ಹೊಡೀತಿದ್ರು. ಕೂದಲೇನೋ ಹೋಯ್ತು, ವರ್ಷಗಳಾದ ಮೇಲೆ ಅದೇ ಜಾಗದಲ್ಲಿ ಕ್ಯಾನ್ಸರ್ ಬಂತು.

ಪಾರ್ಲರಿನಾಕೆ: ಲೇಸರಿಗೆ ಹೋಗೋರು ನನ್ನ ಹತ್ರ ಥ್ರೆಡ್ಡಿಂಗ್ ಮಾಡಿಸ್ಕೊಂಡೇ ಹೋಗ್ತಾರೆ, ಕ್ಲೀನಾಗಿರ್ಲಿ ಅಂತ.

ಡಾಕ್ಟರ್: ದುಡ್ಡು ದಂಡ. ನೀವು ಬುಡಸಮೇತ ಕಿತ್ತ ಮೇಲೆ ಬೆಳಕಿಗೆ ಹಿಡಿಯೋಕೆ ಕಪ್ಪೇ ಇಲ್ವಲ್ಲ. ನಾಲ್ಕು ವಾರ ದಾರ, ವ್ಯಾಕ್ಸ್ ಮುಟ್ಟಬಾರದು. ಬೇಕಾದ್ರೆ ರೇಜರ್ ಆಡಿಸ್ಲಿ. ರೇಜರ್ ಅಂದ್ರೆ ಹೌಹಾರ್ತಾರೆ, ಆದ್ರೆ ಕಪ್ಪು ಕಲೆ, ಒಳಗೇ ಸುತ್ತಿಕೊಂಡ ಕೂದಲು, ಕೀವಿನ ಗುಳ್ಳೆ ಆಗೋದು ರೇಜರಿಗಿಂತ ಚಿಮಟದಿಂದ ಕಿತ್ತೋರಿಗೆ ಜಾಸ್ತಿ. ಕೂದಲು ತೆಗೆಯೋ ಕ್ರೀಮು ತುಟಿ ಮೇಲೆ ಹೆಚ್ಚು ಹೊತ್ತು ಬಿಟ್ರೆ ಸುಡುತ್ತೆ. ಕಸ್ತೂರಿ ಅರಿಶಿನ, ಕಡಲೆಹಿಟ್ಟು ಉಜ್ಜೋದು ನಮ್ಮಜ್ಜಿ ಕಾಲದ್ದು. ಅರಿಶಿನದ ಬಣ್ಣದಲ್ಲಿ ಸಣ್ಣ ಕೂದಲು ಎದ್ದು ಕಾಣಲ್ಲ, ಉಜ್ಜಿದಾಗ ಒಂದಷ್ಟು ಕಿತ್ತು ಬರುತ್ತೆ. ಕರಿ ಕೂದಲಿಗೆ ಉಜ್ಜಿದ್ರೆ ಚರ್ಮವೇ ಕಪ್ಪಾಗೋದು. ಇನ್ನೊಂದು ಮಾತು, ನೀವು ದಾರದ ತುದಿ ಬಾಯಲ್ಲಿ ಕಚ್ಚಿ ಹಿಡೀತೀರಲ್ಲ, ಅದನ್ನ ಬಿಡಿ. ಕತ್ತಿಗೆ ಸುತ್ತಿಕೊಂಡು ಮಾಡೋರಿದ್ದಾರೆ. ಒಬ್ಬರ ಮುಖಕ್ಕೆ ತಾಗಿದ ದಾರ ಇನ್ನೊಬ್ಬರಿಗೆ ಬೇಡ. ನರೂಲಿ ಹಾಗೇ ಹರಡುತ್ತೆ.

ಪಾರ್ಲರಿನಾಕೆ: ಕತ್ತಿಗೆ ಸುತ್ತಿದ್ರೆ ಬಿಗಿ ಸಿಗಲ್ಲ ಅಂತಿದ್ದೆ, ಅಭ್ಯಾಸ ಮಾಡ್ತೀನಿ. ಆದ್ರೆ ಮೇಡಂ, ಇಷ್ಟೆಲ್ಲ ಯಾಕೆ ಅನ್ಸುತ್ತೆ ಒಂದೊಂದ್ಸಲ. ಆ ಇಂಗ್ಲೆಂಡಿನ ಹುಡುಗಿ ಇದ್ದಾಳಲ್ಲ, ಗಡ್ಡ ಬಿಟ್ಟಿರೋಳು, ಫೋಟೋ ನೋಡಿದ್ದೆ.

ಡಾಕ್ಟರ್: ಹರ್ನಾಮ್ ಕೌರ್. ಅವಳದ್ದೂ ಪಿಸಿಓಎಸ್. ಹನ್ನೊಂದು ಹನ್ನೆರಡರಿಂದ ಬರ್ತಿದ್ದ ಕೂದಲನ್ನ ಕಿತ್ತು ಕಿತ್ತು ಸಾಕಾಗಿ ಒಂದಿನ ನಿಲ್ಲಿಸಿಬಿಟ್ಲು. ಪೂರ್ತಿ ಗಡ್ಡ ಇರೋ ಅತಿ ಕಿರಿಯ ಹೆಂಗಸು ಅಂತ ಗಿನ್ನೆಸ್ ದಾಖಲೆಗೂ ಸೇರಿದ್ಲು. ನನ್ನ ಪ್ರಕಾರ ಸಕ್ಕರೆ, ಮುಟ್ಟು, ಗಡ್ಡೆಯ ವಿಚಾರ ನೋಡಿಸ್ಕೊಂಡಾದ ಮೇಲೆ ಕೂದಲಿಂದ ಮೈಗೆ ಏನೂ ಕೆಡುಕಿಲ್ಲ. ಬೇಕು ಅಂದೋರು ಇಟ್ಕೊಳ್ಳಲಿ.

ಪಾರ್ಲರಿನಾಕೆ: ನಿಮಗೆ ಹೇಳೋಕೆ ಸುಲಭ. ನಿಮ್ಮ ಹೆಸರಿನ ಹಿಂದೆ ಡಾಕ್ಟರ್ ಅಂತಿದೆ. ಹೆಣ್ಣು ನೋಡೋಕೆ ಬರೋ ದಿನ ಬೆಳಗ್ಗೆ ಆರಕ್ಕೇ ಬಾಗಿಲು ತಟ್ಟಿ, ಒಳಗಿನ ರೂಮಲ್ಲಿ ಮಾಡಿ ಅಕ್ಕಾ ಅನ್ನೋ ಹುಡುಗಿಗೆ ಹೇಳಿ ನೋಡೋಣ. ಬಸ್ಸಲ್ಲಿ ಯಾರಾದ್ರೂ ಪಕ್ಕ ಕೂತ್ರೆ ಕೈಯಿಂದ ಗದ್ದ ಮುಚ್ಕೊಳ್ಳೋ ಟೀಚರ್ ಒಬ್ಬರಿದ್ದಾರೆ. ಪಾಠ ಮಾಡುವಾಗ ಕಿಟಕಿ ಕಡೆ ನಿಲ್ಲಲ್ಲ, ಬೆಳಕಿಗೆ ಕಾಣುತ್ತೆ ಅಂತ. ಅವರಿಗೆ ಹರ್ನಾಮ್ ಕೌರ್ ಕತೆ ಹೇಳಿದ್ರೆ ಏನು ಬಂತು?

ಡಾಕ್ಟರ್: ಒಪ್ಪಿದೆ. ಆ ಸಂಕಟಕ್ಕೂ ಔಷಧಿ ಬೇಕು ಅಂತ ನಾವು ಬರೆದುಕೊಡಲ್ಲ, ಕೇಳೋದೂ ಇಲ್ಲ. ಮಂಕಾಗಿ ಕೂತು, ಕಾಲೇಜು ಬಿಟ್ಟ ಹುಡುಗಿಯರಿದ್ದಾರೆ. ನೀವು ಕೇಳ್ತೀರಲ್ಲ, ಅದು ದೊಡ್ಡದು.

ಪಾರ್ಲರಿನಾಕೆ: ನಾನೇನು ಕೇಳ್ತೀನಿ, ಅವರೇ ಹೇಳ್ಕೊಳ್ತಾರೆ. ಮುಖ ಕೈಯಲ್ಲಿ ಹಿಡಿದಿರ್ತೀನಲ್ಲ. ಸರಿ, ನಾನು ಡಾಕ್ಟ್ರ ಹತ್ರ ಹೋಗಿ ಅಂತ ಹೇಗೆ ಹೇಳ್ಲಿ? ಗಿರಾಕಿ ಬೇಜಾರು ಮಾಡ್ಕೊಂಡ್ರೆ?

ಡಾಕ್ಟರ್: ಹುಡುಗಿಗೇ ಹೇಳಿ, ಒಬ್ಬಳೇ ಇದ್ದಾಗ. ಪಕ್ಕದ ಕುರ್ಚಿಯವರಿಗೆ ಕೇಳಿಸೋ ಹಾಗೆ ಬೇಡ. ತಿಂಗಳು ತಿಂಗಳು ಮುಟ್ಟಾಗ್ತೀಯಾ ಅಂತ ಕೇಳಿ. ಎರಡು ತಿಂಗಳು, ಮೂರು ತಿಂಗಳು ತಪ್ಪುತ್ತೆ ಅಂದ್ರೆ, ಇಲ್ಲಾ ಕತ್ತು ಕಪ್ಪಾಗಿದ್ರೆ, ‘ಒಮ್ಮೆ ರಕ್ತ ಪರೀಕ್ಷೆ ಮಾಡಿಸ್ಕೋಮ್ಮ, ನಾನು ಕೂದಲು ತೆಗೀತಾನೇ ಇರ್ತೀನಿ’ ಅನ್ನಿ. ಗಿರಾಕಿ ಹೋಗಲ್ಲ, ಕೂದಲು ತೆಗೆಸೋದನ್ನ ನಿಲ್ಲಿಸೋ ಮಾತಲ್ಲ ಅಂತ ಅವಳಿಗೆ ಗೊತ್ತಾಗ್ಬೇಕು.

ಪಾರ್ಲರಿನಾಕೆ: ಆ ಪಿಯುಸಿ ಹುಡುಗಿ ಶನಿವಾರ ಬರ್ತಾಳೆ. ಕಳಿಸ್ಲಾ?

ಡಾಕ್ಟರ್: ಕಳಿಸಿ. ಆದ್ರೆ ಶನಿವಾರ ಗದ್ದ ಮುಟ್ಟಬೇಡಿ, ನಾನು ನೋಡ್ಬೇಕು. ಹೋದ ಆರು ತಿಂಗಳ ಮುಟ್ಟಿನ ತಾರೀಖು ಬರ್ಕೊಂಡು ಬರ್ಲಿ, ಮುಖಕ್ಕೆ ಹಚ್ಚೋ ಟ್ಯೂಬು ಏನಿದ್ರೂ ತರ್ಲಿ. ಮುಟ್ಟಾದ ಎರಡನೇ ಮೂರನೇ ದಿನ ಬೆಳಗ್ಗೆ ಎಂಟಕ್ಕೆ, ಖಾಲಿ ಹೊಟ್ಟೇಲಿ ಬಂದ್ರೆ ಎಲ್ಲ ರಕ್ತ ಒಂದೇ ಸಲಕ್ಕೆ ಆಗುತ್ತೆ.

ಪಾರ್ಲರಿನಾಕೆ: ಅವಳಿಗೆ ಮುಟ್ಟಾಗಿ ನಾಲ್ಕು ತಿಂಗಳಾಯ್ತಂತೆ ಮೇಡಂ.

ಡಾಕ್ಟರ್: ಹಾಗಾದ್ರೆ ಕಾಯೋದು ಬೇಡ, ಸೋಮವಾರ ಬೆಳಗ್ಗೆಯೇ ಬರ್ಲಿ. ತಾಯೀನೂ ಜೊತೇಲಿ ಬರ್ಲಿ, ಮಾತ್ರೆ ವಿಷಯ ಅವರಿಗೆ ನಾನೇ ಹೇಳ್ತೀನಿ. ಎಷ್ಟಾಯ್ತು ನಿಮ್ಮದು?